ನೆಲದ ಮೇಲೆ ದಿಕ್ಕು ತಪ್ಪುವ ದಿಕ್ಸೂಚಿ

ಪ್ರಶ್ನೆ: ಜಿಪಿಎಸ್ ಇರುವಾಗ ದಿಕ್ಸೂಚಿಯ ಚಿಂತೆ ಏಕೆ?

ಉತ್ತರ: ನಿಂತಿರುವ ವಿಮಾನದ ಮೂಗು ಯಾವ ಕಡೆಗಿದೆ ಎಂಬುದನ್ನು ಒಂದೇ ಆಂಟೆನಾದ ಜಿಪಿಎಸ್ ಹೇಳಲಾರದು.

ಪ್ರಶ್ನೆ: ರನ್‌ವೇ ಪ್ರವೇಶಕ್ಕೆ ಕಾಯುತ್ತಿದ್ದಾಗ ಹೆಡಿಂಗ್ (ವಿಮಾನದ ಮೂಗಿನ ದಿಕ್ಕು) 14 ಡಿಗ್ರಿ ತಪ್ಪು ತೋರಿಸಿತು, ಹಾರಿದ ಬಳಿಕ ತಾನಾಗಿಯೇ ಸರಿಹೋಯಿತು. ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ಗ್ರಹಿಸುವ ಫ್ಲಕ್ಸ್ ವಾಲ್ವ್ ಬದಲಿಸಬೇಕೆ?

ಉತ್ತರ: ಈಗಲೇ ಬೇಡ. ಇದೇ ಪ್ರಶ್ನೆ ಪದೇ ಪದೇ ಬರುತ್ತದೆ, ಅದೂ ಬಹಳ ಸಲ ಕೆಡದ ಉಪಕರಣವನ್ನು ಬಿಚ್ಚಿ ಹಾಕಿದ ಮೇಲೆ ಬರುತ್ತದೆ ಎಂಬುದೇ ನನ್ನ ಅಸಮಾಧಾನ. ನೀವು ವಿವರಿಸಿದ ಲಕ್ಷಣ ನೋಡಿದರೆ, ದೋಷವಿರುವುದು ವಿಮಾನದಲ್ಲಲ್ಲ, ಅದರ ಕೆಳಗಿನ ಕಾಂಕ್ರೀಟಿನಲ್ಲಿ ಹುದುಗಿರುವ ಉಕ್ಕಿನ ಸರಳುಗಳಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಭೂಮಿಯ ಕಾಂತಕ್ಷೇತ್ರ ಕೇವಲ 25ರಿಂದ 65 ಮೈಕ್ರೋಟೆಸ್ಲಾದಷ್ಟು ದುರ್ಬಲವಾದುದು, ಅದರಲ್ಲಿಯೂ ದಿಕ್ಕು ತಿಳಿಸುವುದು ಸಮತಲವಾದ ಅಂಶ ಮಾತ್ರ. ಒಮ್ಮೆ ಇಂಥದೇ ಜಾಗದಲ್ಲಿ ಕೈ ದಿಕ್ಸೂಚಿಯನ್ನು ರೆಕ್ಕೆಯ ಎತ್ತರಕ್ಕೆ ಹಿಡಿದು ಚರಂಡಿಯ ಉಕ್ಕಿನ ಜಾಲರಿಯನ್ನು ದಾಟಿದ್ದೆ; ನಾಲ್ಕು ಹೆಜ್ಜೆಯೊಳಗೆ ಮುಳ್ಳು ಪಕ್ಕಕ್ಕೆ ಸರಿದು, ಜಾಲರಿ ಹಿಂದಾದೊಡನೆ ತನ್ನ ಸ್ಥಾನಕ್ಕೆ ಮರಳಿತು. ಸಣ್ಣ ಕಾಂತವಸ್ತುವಿನಿಂದ ದೂರ ದುಪ್ಪಟ್ಟಾದರೆ ಅದರ ಪ್ರಭಾವ ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುವುದರಿಂದ, ನೆಲ ಬಿಟ್ಟ ವಿಮಾನದಲ್ಲಿ ದೋಷ ಮಾಯವಾದಂತೆ ಕಾಣುತ್ತದೆ.

ದಿಕ್ಕನ್ನು ಸ್ಥಿರವಾಗಿ ಹಿಡಿದಿಡುವ ಉಪಕರಣವಾದ ಗೈರೋವನ್ನು ಫ್ಲಕ್ಸ್ ವಾಲ್ವ್ ನಿಮಿಷಕ್ಕೆ ಕೆಲವೇ ಡಿಗ್ರಿಯಂತೆ ನಿಧಾನವಾಗಿ ತಿದ್ದುವ ವ್ಯವಸ್ಥೆಗಳಲ್ಲಿ, ಸರಳುಗಳ ಮೇಲೆ ಹಾದುಹೋದರೆ ಹೆಚ್ಚೇನೂ ಆಗದು, ಬಹಳ ಹೊತ್ತು ನಿಂತರೆ ಮಾತ್ರ ತಪ್ಪು ಗೈರೋವಿಗೂ ಇಳಿಯುತ್ತದೆ. ಗೈರೋವನ್ನು ಫ್ಲಕ್ಸ್ ವಾಲ್ವ್ ತೋರಿಸುವ ದಿಕ್ಕಿಗೆ ಬೇಗನೆ ಹೊಂದಿಸುವ ಫಾಸ್ಟ್ ಸ್ಲೇವ್ ಗುಂಡಿಯನ್ನು ಆ ಜಾಗದಲ್ಲಿಯೇ ಒತ್ತಬೇಡಿ. ಒತ್ತಿದರೆ ನಿಧಾನವಾಗಿ ಇಳಿಯಬೇಕಿದ್ದ ತಪ್ಪನ್ನು ನೀವೇ ಒಮ್ಮೆಗೇ ತುಂಬಿದಂತಾಗುತ್ತದೆ. ನಿಂತ ಸ್ಥಳ, ನಿಂತ ಅವಧಿ, ಎಡ ಬಲ ಪೈಲಟ್ ಆಸನಗಳ ಮುಂದೆ ಕಾಣುವ ಹೆಡಿಂಗ್‌ಗಳ ನಡುವಿನ ವ್ಯತ್ಯಾಸ ಇಷ್ಟನ್ನು ಬರೆದಿಡಿ. ರನ್‌ವೇಯಲ್ಲಿ ನೇರವಾಗಿ ನಿಂತ ಮೇಲೆ ಹೆಡಿಂಗನ್ನು ನಕ್ಷೆಯಲ್ಲಿರುವ ನಿಖರ ಕಾಂತೀಯ ದಿಕ್ಕಿನೊಂದಿಗೆ ಹೋಲಿಸಿ. ನೆಲದ ಮೇಲೆ ಬರೆದ ಅಂಕಿಯೊಂದಿಗಲ್ಲ, ಏಕೆಂದರೆ ಅದು ಹತ್ತಿರದ 10 ಡಿಗ್ರಿಗೆ ಹೊಂದಿಸಿದ ಸಂಖ್ಯೆ. ಅಲ್ಲಿಯೂ ತಾಳೆಯಾಗದಿದ್ದರೆ ನಾನಂತೂ ಹಾರಲು ಒಪ್ಪುವುದಿಲ್ಲ.

ಪ್ರಶ್ನೆ: ಹ್ಯಾಂಗರ್ ಮುಂದೆಯೇ ಕಂಪಾಸ್ ಸ್ವಿಂಗ್ (ವಿಮಾನವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ದಿಕ್ಸೂಚಿಯ ತಪ್ಪನ್ನು ಅಳೆದು ತಿದ್ದುವುದು) ಮಾಡಬಹುದೇ?

ಉತ್ತರ: ಕೂಡದು. ಹ್ಯಾಂಗರಿನ ಉಕ್ಕು ಉಂಟುಮಾಡಿದ ತಪ್ಪನ್ನೇ ವಿಮಾನದ ತಪ್ಪೆಂದು ತಿದ್ದುಪಡಿ ಚೀಟಿಯಲ್ಲಿ ಬರೆದುಕೊಂಡು ಹಾರಿದಂತಾಗುತ್ತದೆ.

ಪ್ರಶ್ನೆ: ದಿಕ್ಸೂಚಿಯ ಪಕ್ಕದಲ್ಲಿ ಪುಟ್ಟ ಅಯಸ್ಕಾಂತ ಅಂಟಿಸಿದರೆ ಸರಿಹೋಗುತ್ತದೆ ಎಂದು ಅನುಭವಿಯೊಬ್ಬರು ಹೇಳಿದರು.

ಉತ್ತರ: ಅವರಿಗೆ ವಿಮಾನ ಮುಟ್ಟಲು ಬಿಡಬೇಡಿ. ಹಾಗೆ ಅಂಟಿಸಿದ ಅಯಸ್ಕಾಂತ ಉತ್ತರಕ್ಕೆ ಮುಖ ಮಾಡಿದಾಗಿನ ತಪ್ಪನ್ನು ಮುಚ್ಚಿ, ಪೂರ್ವಕ್ಕೆ ತಿರುಗಿದಾಗ ಇನ್ನೊಂದನ್ನು ಹುಟ್ಟುಹಾಕಬಲ್ಲದು. ಅಂಟಿಸಿಯಾಗಿದ್ದರೆ ಇಂದೇ ತೆಗೆದು, ಸರಿಯಾದ ಜಾಗದಲ್ಲಿ ಹೊಸದಾಗಿ ಸ್ವಿಂಗ್ ಮಾಡಿಸಿ.