ಮೆಟ್ರಾಯ್ಡ್ ಆಡದೇ ಇದ್ದವರಿಗೂ ಮೆಟ್ರಾಯ್ಡ್ ಪ್ರೈಮ್ ಪಿನ್‌ಬಾಲ್ ಹಿಡಿಸುತ್ತಾ?

"ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಹಳೆಯ ನಿಂಟೆಂಡೊ ಡಿಎಸ್ ಒಂದು ಕೈಗೆ ಬಂದಿದೆ. ಮೆಟ್ರಾಯ್ಡ್ ಪ್ರೈಮ್ ಪಿನ್‌ಬಾಲ್ ತಗೊಳ್ಳೋಣ ಅಂತಿದ್ದೇನೆ. ಆದರೆ ಮೆಟ್ರಾಯ್ಡ್ ಸರಣಿಯ ಆಟ ಒಂದೂ ಆಡಿಲ್ಲ, ಅರ್ಥ ಆಗುತ್ತಾ? ಅದೂ ಅಲ್ಲದೆ ಪಿನ್‌ಬಾಲ್ ಅಂದ್ರೆ ಓರೆ ಮೇಜಿನ ಮೇಲೆ ಗುಂಡು ಉರುಳಿಸೋದು, ಬರೀ ಅದೃಷ್ಟ ಅಲ್ವಾ?" ಅಂತ ಕೇಳಿದ್ದೀರಿ. ತಗೊಳ್ಳಿ. ಧೈರ್ಯವಾಗಿ ತಗೊಳ್ಳಿ. ನಾನೂ ಸರಣಿಯ ಗಂಧಗಾಳಿ ಇಲ್ಲದೆ ಇದನ್ನೇ ಮೊದಲು ಆಡಿದವನು.

ನಮ್ಮೂರು ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ. ಪಿಯುಸಿಗೆ ಶಿವಮೊಗ್ಗದಲ್ಲಿದ್ದೆ. ದುರ್ಗಿಗುಡಿ ಹತ್ತಿರ ಒಂದು ಸೈಬರ್ ಕೆಫೆಗೆ ಹೋಗುತ್ತಿದ್ದೆವು. ಮೇಲ್ ತೆರೆದುಕೊಳ್ಳುವಷ್ಟರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆ ಬರುತ್ತಿದ್ದ ಪಿನ್‌ಬಾಲ್ ಹಾಕುವುದು, ಗುಂಡನ್ನು ಮೇಲಕ್ಕೆ ತಳ್ಳುವ ಎಡಗಡೆಯ ಕೋಲಿಗೆ ಝಡ್ ಕೀ, ಬಲಗಡೆಯದಕ್ಕೆ ಸ್ಲ್ಯಾಷ್ ಕೀ, ಗುಂಡನ್ನು ಮೇಜಿಗೆ ಬಿಡಲು ಸ್ಪೇಸ್ ಬಾರ್, ಗಂಟೆ ಮುಗಿಯುವವರೆಗೂ ಅದೇ. ನಿಮಗೂ ಅದು ನೆನಪಿರಬೇಕು. ಆಗ ನಾನು ಎರಡೂ ಕೀಗಳನ್ನು ಒಟ್ಟಿಗೆ ಪಟಪಟ ಕುಟ್ಟುತ್ತಿದ್ದೆ. ಗುಂಡು ಮೇಲೆ ಹೋದರೆ ಖುಷಿ, ಕೆಳಗೆ ಬಿದ್ದರೆ ಹಣೆಬರಹ. ಪಿನ್‌ಬಾಲ್ ಅಂದರೆ ಅದೃಷ್ಟ ಅಂತ ನಿಮಗೆ ಅನಿಸಿದ್ದೂ ಹೀಗೇ ಇರಬಹುದು.

2006ರ ಬೇಸಿಗೆಯಲ್ಲಿ ಅಮೆರಿಕದಿಂದ ಬಂದ ಚಿಕ್ಕಪ್ಪನ ಮಗ ಒಂದು ಡಿಎಸ್ ಮತ್ತು ಈ ಆಟದ ಡಬ್ಬಿ ತಂದುಕೊಟ್ಟ. ಅಲ್ಲಿ ಇದು ಹಿಂದಿನ ವರ್ಷ, ಅಂದರೆ 2005ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಗಿತ್ತು. ಮಾಡಿದವರು ಫ್ಯೂಸ್ ಗೇಮ್ಸ್ ಅನ್ನುವ ಇಂಗ್ಲೆಂಡಿನ ಸಣ್ಣ ಕಂಪನಿ. ಇವರೇ 2004ರಲ್ಲಿ ಡಿಎಸ್‌ಗಿಂತ ಹಿಂದಿನ ಕೈ ಸೆಟ್ ಆದ ಗೇಮ್‌ಬಾಯ್ ಅಡ್ವಾನ್ಸ್‌ಗೆ ಮಾರಿಯೋ ಹೆಸರಿನ ಪಿನ್‌ಬಾಲ್ ಮಾಡಿದ್ದರು. ಅದನ್ನೂ ಆಮೇಲೆ ಆಡಿದ್ದೇನೆ, ಅಷ್ಟು ಹಿಡಿಸಲಿಲ್ಲ. ಟೇಬಲ್ಲನ್ನು ಸಣ್ಣ ಸಣ್ಣ ಕೋಣೆಗಳಾಗಿ ಒಡೆದಿದ್ದಾರೆ, ಕೈ ತಪ್ಪಿದರೆ ಗುಂಡು ಹಿಂದಿನ ಕೋಣೆಗೆ ಬೀಳುತ್ತದೆ, ಹತ್ತಿದ್ದನ್ನೇ ಮತ್ತೆ ಮತ್ತೆ ಹತ್ತಬೇಕು. ಅಲ್ಲಿ ಇನ್ನೊಂದು ತೊಡಕೂ ಇದೆ. ಮಾರಿಯೋ ಗುಂಡಾಗಬೇಕಾದರೆ ಅವನನ್ನು ಗುಂಡು ಮಾಡಲು ಏನೋ ಒಂದು ಕಥೆ ಕಟ್ಟಬೇಕು. ಮೆಟ್ರಾಯ್ಡ್‌ಗೆ ಆ ಕಷ್ಟವೇ ಇಲ್ಲ.

ಯಾಕೆ ಅಂದರೆ, ಮೆಟ್ರಾಯ್ಡ್‌ನ ನಾಯಕಿ ಸೇಮಸ್ ಅರಾನ್ 1986ರ ಮೊದಲ ಆಟದಿಂದಲೂ ಉಂಡೆಯಾಗಿ ಉರುಳುವವಳು. ಇಕ್ಕಟ್ಟಾದ ಸಂದಿ ಬಂದರೆ ಮೈ ಸುತ್ತಿಕೊಂಡು ಚೆಂಡಾಗಿ ಆಚೆ ದಾಟುತ್ತಾಳೆ. ಇದಕ್ಕೆ ಮಾರ್ಫ್ ಬಾಲ್ ಅನ್ನುತ್ತಾರೆ. ಮಳೆಗಾಲದಲ್ಲಿ ನಮ್ಮ ತೋಟದ ದರಗಿನ ಅಡಿಯಲ್ಲಿ ಒಂದು ಹುಳ ಸಿಗುತ್ತದಲ್ಲ, ಬೆರಳು ತಾಗಿಸಿದ ಕೂಡಲೇ ಗೋಲಿಯ ಹಾಗೆ ದುಂಡಗಾಗಿ ಬಿಡುತ್ತದೆ, ಸಣ್ಣವರಿದ್ದಾಗ ಅದನ್ನು ಅಂಗೈ ಮೇಲೆ ಉರುಳಿಸಿ ಆಡಿದವರಿಗೆ ಸೇಮಸ್ ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಪಿನ್‌ಬಾಲ್ ಟೇಬಲ್ ಮೇಲೆ ಉರುಳುವ ಆ ಗುಂಡೇ ನಾಯಕಿ. ಕೆಲವು ಕಡೆ ಗುಂಡು ಸರಿಯಾದ ಜಾಗಕ್ಕೆ ಹೊಕ್ಕರೆ ಅವಳು ಬಿಚ್ಚಿಕೊಂಡು ಎದ್ದು ನಿಲ್ಲುತ್ತಾಳೆ, ಸುತ್ತಲಿಂದ ನುಗ್ಗುವ ಶತ್ರುಗಳಿಗೆ ತಿರುಗಿ ತಿರುಗಿ ಹೊಡೆಯುತ್ತಾಳೆ, ಕೆಲಸ ಮುಗಿದ ಮೇಲೆ ಮತ್ತೆ ಉಂಡೆ. ಹಾಗಾಗಿ ಹೆಸರು ಮಾರಾಟವಾಗಲಿ ಅಂತ ಪಿನ್‌ಬಾಲ್ ಮೇಲೆ ಅಂಟಿಸಿದ ಚೀಟಿ ಅಂತ ನನಗೆ ಒಂದು ದಿನವೂ ಅನಿಸಿಲ್ಲ.

ಕಥೆ ನಿಮಗೆ ಬೇಕಾದಷ್ಟು ಇಲ್ಲೇ ಸಿಗುತ್ತದೆ. ಇದಕ್ಕೆ ಮೂಲ 2002ರ ಮೆಟ್ರಾಯ್ಡ್ ಪ್ರೈಮ್, ರೆಟ್ರೊ ಸ್ಟುಡಿಯೋಸ್ ಅನ್ನುವ ಕಂಪನಿ ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಗೇಮ್‌ಕ್ಯೂಬ್‌ಗೆ ಮಾಡಿದ್ದು. ಆ ಆಟದ ಜಾಗಗಳೇ ಇಲ್ಲಿ ಟೇಬಲ್ ಆಗಿವೆ. ಒಬ್ಬರೇ ಆಡುವಾಗ ಒಟ್ಟು 6. ಪೈರೇಟ್ ಫ್ರಿಗೇಟ್ ಅನ್ನುವ ಹಡಗು, ಟ್ಯಾಲನ್ ಓವರ್‌ವರ್ಲ್ಡ್ ಅನ್ನುವ ಕಾಡು, ಫೆಂಡ್ರಾನಾ ಅನ್ನುವ ಹಿಮದ ಸೀಮೆ, ಫೇಜಾನ್ ಗಣಿ, ಕೊನೆಗೆ ದೊಡ್ಡ ಶತ್ರುಗಳಿಗಾಗಿಯೇ ಇರುವ ಎರಡು. ಟೇಬಲ್‌ನಿಂದ ಟೇಬಲ್‌ಗೆ ಹೋಗುತ್ತಾ ಆರ್ಟಿಫ್ಯಾಕ್ಟ್ ಅನ್ನುವ 12 ಪುರಾತನ ವಸ್ತು ಕೂಡಿಸಬೇಕು, ಆಮೇಲೆ ಕೊನೆಯ ದಾರಿ ತೆರೆಯುತ್ತದೆ. ಮೂಲ ಆಟವನ್ನು ನಾನು ಆಡಿದ್ದು ಎಷ್ಟೋ ವರ್ಷದ ಮೇಲೆ, 2023ರಲ್ಲಿ ನಿಂಟೆಂಡೊದ ಸ್ವಿಚ್ ಸೆಟ್‌ಗೆ ಹೊಸದಾಗಿ ಬಂದಾಗ. ಟ್ಯಾಲನ್‌ನಲ್ಲಿ ಇಳಿದ ಕೂಡಲೇ ಮಳೆ. ತಲೆ ಎತ್ತಿದರೆ ಹೆಲ್ಮೆಟ್ ಗಾಜಿನ ಮೇಲೆ ಹನಿ ಬಿದ್ದು ಇಳಿಯುತ್ತದೆ. ಹೊರಗೆ ನಮ್ಮದೂ ಜಡಿಮಳೆ. ಎಲ್ಲೋ ನೋಡಿದ ಊರಿಗೆ ಈಗ ನಡೆದುಕೊಂಡು ಬಂದ ಹಾಗಾಯಿತು ನನಗೆ. ನೀವೂ ಪಿನ್‌ಬಾಲ್‌ನಿಂದ ಶುರು ಮಾಡಿ, ಆ ಸುಖ ನಿಮಗೂ ಸಿಗಲಿ.

ಈಗ ಅದೃಷ್ಟದ ಮಾತು. ಇದನ್ನು ಕೇಳಿದವರಲ್ಲಿ ನೀವು ಮೊದಲಿಗರಲ್ಲ. ನ್ಯೂಯಾರ್ಕ್ ನಗರದಲ್ಲಿ 1942ರಿಂದ 1976ರವರೆಗೆ ಪಿನ್‌ಬಾಲ್‌ಗೆ ನಿಷೇಧ ಇತ್ತು, ಇದು ಜೂಜು ಅಂತ. ಹಳೆಯ ಮೆಷಿನ್‌ಗಳ ಮಟ್ಟಿಗೆ ಆ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು, ಯಾಕೆಂದರೆ ಗುಂಡನ್ನು ಮೇಲಕ್ಕೆ ಹೊಡೆಯುವ ಆ ಎರಡು ಕೋಲುಗಳು, ಅಂದರೆ ಫ್ಲಿಪ್ಪರ್‌ಗಳೇ ಆಗ ಇರಲಿಲ್ಲ. ಗುಂಡು ಬಿಟ್ಟ ಮೇಲೆ ಮೇಜು ಅಲ್ಲಾಡಿಸಬಹುದಿತ್ತು, ಅಷ್ಟೇ. 1947ರಲ್ಲಿ ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ ಮೆಷಿನ್‌ನಲ್ಲಿ ಫ್ಲಿಪ್ಪರ್ ಬಂದವು, ಆಮೇಲೆ ಆಟವೇ ಬೇರೆಯಾಯಿತು. 1976ರಲ್ಲಿ ರೋಜರ್ ಶಾರ್ಪ್ ಅನ್ನುವವರು ನಗರಸಭೆಯವರ ಎದುರೇ ಆಡಿ ತೋರಿಸಿದರು. ಗುಂಡು ಮೇಲಿನ ನಡು ದಾರಿಯಲ್ಲಿ ಇಳಿಯುತ್ತದೆ ಅಂತ ಮೊದಲೇ ಹೇಳಿ, ಹಾಗೆಯೇ ಇಳಿಸಿದರು. ನಿಷೇಧ ಹೋಯಿತು.

ಡಿಎಸ್‌ನಲ್ಲಿ ನಾನು ಕಲಿತದ್ದೂ ಅದನ್ನೇ. ಮುಖ್ಯವಾದದ್ದು, ಎರಡು ಫ್ಲಿಪ್ಪರ್ ಒಟ್ಟಿಗೆ ಒತ್ತಬೇಡಿ. ಒಂದನ್ನು ಎತ್ತಿದಾಗ ಇನ್ನೊಂದು ಕೆಳಗೇ ಇರಲಿ, ಇಲ್ಲದಿದ್ದರೆ ನಡುವಿನ ಬಾಯಿ ಅಗಲವಾಗಿ ಗುಂಡು ಸೀದಾ ಒಳಗೆ. ಆಮೇಲೆ ಗುಂಡು ಬಂದ ಕೂಡಲೇ ಹೊಡೆಯಲೇಬೇಕು ಅಂತ ಇಲ್ಲ. ಫ್ಲಿಪ್ಪರ್ ಎತ್ತಿ ಹಿಡಿದುಕೊಳ್ಳಿ, ಗುಂಡು ಬಂದು ಅದರ ಬುಡದಲ್ಲಿ ಕೂರುತ್ತದೆ. ಈಗ ಉಸಿರು ಬಿಡಿ, ಮೇಲೆ ನೋಡಿ, ಎಲ್ಲಿಗೆ ಕಳಿಸಬೇಕು ಅಂತ ಯೋಚಿಸಿ. ಬಟನ್ ಬಿಟ್ಟರೆ ಗುಂಡು ತುದಿಯ ಕಡೆ ನಿಧಾನ ಉರುಳುತ್ತದೆ. ಬುಡದ ಹತ್ತಿರ ಇರುವಾಗಲೇ ಹೊಡೆದರೆ ಅದೇ ಮಗ್ಗುಲಿಗೆ ಏರುತ್ತದೆ, ತುದಿಗೆ ಬಂದಾಗ ಹೊಡೆದರೆ ಆಚೆ ಬದಿಗೆ ಓರೆಯಾಗಿ ಹೋಗುತ್ತದೆ. ಗೋಲಿ ಆಡುವಾಗ ಬೆರಳು ಎಷ್ಟು ಬಾಗಿಸಿದರೆ ಎಲ್ಲಿಗೆ ಅಂತ ಕೈಗೇ ಗೊತ್ತಿರುತ್ತದಲ್ಲ, ಒಂದು ವಾರದಲ್ಲಿ ಇದೂ ಹಾಗೇ ಆಗುತ್ತದೆ. ಗುಂಡು ನಡುವೆ ಬೀಳುವ ಹಾಗೆ ಕಂಡರೆ ಕೆಳಗಿನ ಟಚ್ ಸ್ಕ್ರೀನ್ ಮೇಲೆ ಬೆರಳು ಎಳೆಯಿರಿ, ಟೇಬಲ್ ಅಲುಗುತ್ತದೆ. ಇದನ್ನು ನಾನು ತಿಂಗಳುಗಟ್ಟಲೆ ಮರೆತೇ ಆಡಿದ್ದೆ.

ಡಿಎಸ್‌ನ ಎರಡು ಸ್ಕ್ರೀನ್ ಸೇರಿ ಒಂದೇ ಉದ್ದನೆಯ ಟೇಬಲ್ ಆಗುತ್ತದೆ. ನಡುವೆ ಮಡಚುವ ಕೀಲಿನ ಜಾಗ ಇದೆ, ಗುಂಡು ಅದನ್ನು ದಾಟುವಾಗ ಕಣ್ಣಿಗೆ ಶುರುವಿನಲ್ಲಿ ಕಸಿವಿಸಿ. ಎರಡು ಮೂರು ದಿನ ಅಷ್ಟೇ. ತೀರ್ಥಹಳ್ಳಿ ಬಸ್ಸಿನಲ್ಲಿ ಮಂಡಗದ್ದೆ ತಿರುವುಗಳಲ್ಲಿ ಮಾತ್ರ ಆಡಬೇಡಿ, ತಲೆ ಸುತ್ತುತ್ತದೆ.

ಇನ್ನೊಂದು ಮುಖ್ಯ ವಿಷಯ, ಡಿಎಸ್ಸನ್ನು ಕೈಯಲ್ಲಿ ನಡುಗಿಸುವ ರಂಬಲ್ ಪ್ಯಾಕ್ ಅನ್ನುವ ಸಣ್ಣ ತುಂಡು. ಅಮೆರಿಕದ ಡಬ್ಬಿಯಲ್ಲಿ ಆಟದ ಜೊತೆಗೇ ಇದು ಬರುತ್ತಿತ್ತು. ಡಿಎಸ್‌ನ ಗೇಮ್‌ಬಾಯ್ ಅಡ್ವಾನ್ಸ್ ಕಿಂಡಿಗೆ ಇದನ್ನು ಹಾಕಿದರೆ ಗುಂಡು ಅದನ್ನು ಪುಟಿಸುವ ಬಂಪರ್‌ಗೆ ತಾಗಿದಾಗೆಲ್ಲ ಕೈಗೆ ಗೊತ್ತಾಗುತ್ತದೆ. ಆ ವರ್ಷ ಅಡಿಕೆ ಸುಲಿಯುವ ಕಾಲದಲ್ಲಿ ಜಗಲಿಯಲ್ಲಿ ಕೂತು ಆಡುತ್ತಿದ್ದೆ. ಅಜ್ಜಿ ಮೆಟ್ಟುಗತ್ತಿ ಹಿಡಿದು ಪಕ್ಕದಲ್ಲೇ ಇದ್ದರು. "ಏನೋ ಅದು ಗುರ್ ಅಂತದೆ, ಕೊಡು ಇಲ್ಲಿ" ಅಂದರು. ಕೈ ಸೆರಗಿಗೆ ಒರೆಸಿಕೊಂಡು ಹಿಡಿದರು, ನಾನು ಬಟನ್ ಒತ್ತಿದೆ. ಗುಂಡು ಮೇಲೆ ಹೋಗಿ ನಾಲ್ಕೈದು ಸಲ ಬಡಿಯಿತು. "ಇದ್ರೊಳಗೆ ಜೀರುಂಡೆ ಹಾಕಿದಾರೇನೋ" ಅಂದರು. ಬೆಂಕಿಪೆಟ್ಟಿಗೆಯಲ್ಲಿ ಜೀರುಂಡೆ ಹಾಕಿ ಕಿವಿಗೆ ಹಿಡಿದರೆ ಬರುವ ನಡುಕ ಇದೆಯಲ್ಲ, ಸರಿಯಾಗಿ ಅದೇ. ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಅದನ್ನು ವಿವರಿಸಿದವರು ನನಗೆ ಸಿಕ್ಕಿಲ್ಲ.

ಆದ್ದರಿಂದ ಕೊಳ್ಳುವ ಮುಂಚೆ ನಿಮ್ಮ ಸೆಟ್ ಯಾವುದು ನೋಡಿ. ಮೊದಲ ಡಿಎಸ್ ಮತ್ತು ಡಿಎಸ್ ಲೈಟ್‌ನಲ್ಲಿ ಆ ಕಿಂಡಿ ಇದೆ. ಲೈಟ್‌ಗೆ ದಪ್ಪ ಡಿಎಸ್‌ನ ಪ್ಯಾಕ್ ಹಾಕಿದರೆ ಹೊರಗೆ ಸ್ವಲ್ಪ ಚಾಚಿಕೊಳ್ಳುತ್ತದೆ, ಕೆಲಸ ಮಾಡುತ್ತದೆ. ಆಮೇಲೆ ಬಂದ ಡಿಎಸ್ಐ ಮತ್ತು 3ಡಿಎಸ್‌ನಲ್ಲಿ ಕಿಂಡಿಯೇ ಇಲ್ಲ, ಆಟ ಓಡುತ್ತದೆ, ನಡುಕ ಇರುವುದಿಲ್ಲ. ನನ್ನ ಹಳೆಯ ಪ್ಯಾಕ್ ಕಳೆದುಹೋದ ಮೇಲೆ ಆನ್‌ಲೈನ್‌ನಲ್ಲಿ ಒಬ್ಬರಿಂದ "ಪೂರ್ತಿ ಸೆಟ್" ಅಂತ ತರಿಸಿದೆ, ಬಂದದ್ದು ಖಾಲಿ ಡಬ್ಬಿ ಮತ್ತು ಆಟ ಇರುವ ಸಣ್ಣ ಕಾರ್ಟ್ರಿಜ್ ಮಾತ್ರ. ದುಡ್ಡು ಕೊಡುವ ಮುಂಚೆ ಪ್ಯಾಕ್‌ನ ಫೋಟೋ ಕೇಳಿ ಪಡೆಯಿರಿ. ಡಿಎಸ್ ಆಟಗಳಿಗೆ ದೇಶದ ಬೀಗ ಇಲ್ಲ, ಜಪಾನಿನದಾದರೂ ಅಮೆರಿಕದ್ದಾದರೂ ನಡೆಯುತ್ತದೆ.

ಸೆಟ್ ಅಮೆರಿಕದ್ದಾದರೆ ಚಾರ್ಜರ್ ಮೇಲಿನ ಅಕ್ಷರ ಓದದೆ ಪ್ಲಗ್ಗಿಗೆ ಹಾಕಲೇಬೇಡಿ. ನನ್ನದರಲ್ಲಿ 120 ವೋಲ್ಟ್ ಅಂತ ಇತ್ತು, ನಮ್ಮ ಮನೆಯದು 230. ಪುಣ್ಯಕ್ಕೆ ಊರಿನ ರೇಡಿಯೋ ರಿಪೇರಿಯವರು ಅಂದು ಮನೆಗೆ ಬಂದಿದ್ದರು, ಕೈಗೆ ತಗೊಂಡು ನೋಡಿ "ಬೇಡ ಮಾರಾಯ, ಸುಟ್ಟು ಹೋಗ್ತದೆ" ಅಂದರು. ಶಿವಮೊಗ್ಗದಿಂದ ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತಂದೆವು. ಅದು ಇವತ್ತಿಗೂ ಇದೆ. ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದ ಆಷಾಢಗಳಲ್ಲಿ ಮೊದಲೇ ಚಾರ್ಜ್ ಮಾಡಿಟ್ಟ ಡಿಎಸ್ಸೇ ನಮ್ಮ ಮನೆಯ ಟಿವಿ ಆಗಿತ್ತು.

ಕೊರತೆ ಇಲ್ಲವೇ ಅಂದರೆ ಇದೆ. 6 ಟೇಬಲ್ ಕಡಿಮೆಯೇ. ಅದರಲ್ಲೂ ಕೊನೆಯ ಎರಡು ಬರೀ ಯುದ್ಧಕ್ಕೆ. ಕೈ ಪಳಗಿದ ಮೇಲೆ ಕಥೆ ಬೇಗ ಮುಗಿಯುತ್ತದೆ, ಆಮೇಲೆ ಸ್ಕೋರ್‌ಗಾಗಿ ಆಡಬೇಕು. ಒಂದೇ ಕಾರ್ಟ್ರಿಜ್‌ನಿಂದ 8 ಜನ ಡಿಎಸ್ ಇಟ್ಟುಕೊಂಡು ಆಡಬಹುದು, ನಮ್ಮ ಸೀಮೆಯಲ್ಲಿ 8 ಡಿಎಸ್ ಒಟ್ಟಿಗೆ ಸೇರಿದ್ದನ್ನು ನಾನು ನೋಡಿಲ್ಲ. ಆದರೂ ಪಿನ್‌ಬಾಲ್‌ಗೆ ಒಂದು ಕೊನೆ ಇದೆ, ಅಲ್ಲಿ ಸೋಲಿಸಲು ಒಬ್ಬ ಶತ್ರು ಇದ್ದಾನೆ ಅನ್ನುವುದೇ ನನ್ನನ್ನು ಎಳೆದದ್ದು. ಸುಮ್ನೆ ಅಂಕ ಏರಿಸುವುದು ನನಗೆ ಸೈಬರ್‌ನಲ್ಲೇ ಸಾಕಾಗಿತ್ತು.

ತಗೊಂಡ ಮೇಲೆ ಪೈರೇಟ್ ಫ್ರಿಗೇಟ್ ಟೇಬಲ್‌ನಿಂದ ಶುರು ಮಾಡಿ. ಅಲ್ಲಿ ಪ್ಯಾರಸೈಟ್ ಕ್ವೀನ್ ಎದುರಾಗುತ್ತದೆ. ಅದು ಬಂದಾಗ ಗಾಬರಿಯಲ್ಲಿ ಎರಡೂ ಬಟನ್ ಕುಟ್ಟಬೇಕು ಅನಿಸುತ್ತದೆ. ಗುಂಡನ್ನು ಒಂದು ಫ್ಲಿಪ್ಪರ್ ಮೇಲೆ ನಿಲ್ಲಿಸಿಕೊಳ್ಳಿ, ನೋಡಿ, ಆಮೇಲೆ ಬಿಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಹೇಳುತ್ತೇನೆ.