ಬೆಂಗಳೂರಿನ ವಿಶೇಷ ಶಾಲೆಗಳಿಗೆ ಟ್ಯಾಬ್ ಕೊಟ್ಟರೂ ಶಿಕ್ಷಕರು ಯಾಕೆ ಬಳಸುವುದಿಲ್ಲ?

ಪ್ರಶ್ನೆ ಬೆಂಗಳೂರಿನ ಬಗ್ಗೆ ಇದೆ, ಅಷ್ಟಕ್ಕೇ ಹೇಳುತ್ತೇನೆ. ಸಹಾಯಕ ತಂತ್ರಜ್ಞಾನ, ಅಂದರೆ ಅಂಗವಿಕಲ ಮಕ್ಕಳಿಗೆ ನೆರವಾಗುವ ಟ್ಯಾಬ್, ಕಂಪ್ಯೂಟರ್‌ನಂಥ ಸಾಧನ, ಬೇಡವೇ ಬೇಡ ಅನ್ನುವ ಶಿಕ್ಷಕರು ಕಡಿಮೆ, ಅರೆಮನಸ್ಸಿನವರು ಹೆಚ್ಚು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಶೇ 40 ಅಥವಾ ಹೆಚ್ಚು ವೈಕಲ್ಯವಿರುವ ಮಕ್ಕಳಿಗೆ 18 ವರ್ಷದವರೆಗೆ ಸೂಕ್ತ ಸಾಧನ ಉಚಿತವಾಗಿ ಸಿಗಬೇಕು. ಸಾಧನವೇನೋ ಬರುತ್ತದೆ, ದಾನಿಗಳು ಫೋಟೊನೂ ತೆಗೆಸಿಕೊಳ್ಳುತ್ತಾರೆ. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ಒಡೆದರೆ ತಮ್ಮ ತಲೆಗೇ ಬರುತ್ತದೆಂದು ಟೀಚರ್ ಅದನ್ನು ಬೀರುವಿನಲ್ಲಿಡುತ್ತಾರೆ.

ಭಾಷೆಯ ತೊಡಕು ಇನ್ನೂ ದೊಡ್ಡದು. ಮಾತು ಬಾರದ ಮಗು ಲೋಟದ ಚಿತ್ರ ಒತ್ತಿದರೆ ಟ್ಯಾಬ್ ‘ಐ ವಾಂಟ್ ವಾಟರ್’ ಅನ್ನುತ್ತದೆ. ಮನೆಯಲ್ಲಿರುವ ಅಜ್ಜಿಗೆ ಅದು ಅರ್ಥವಾಗಬೇಕಲ್ಲ! ಇಂಥ ಹಲವು ಆ್ಯಪ್‌ಗಳಲ್ಲಿ ‘ನೀರು ಬೇಕು’ ಎಂದು ನಮ್ಮದೇ ದನಿ ರೆಕಾರ್ಡ್ ಮಾಡಿ ಸೇರಿಸಬಹುದು. ತರಬೇತಿಯಲ್ಲಿ ಮೊದಲು ಹೇಳಿಕೊಡಬೇಕಾದ್ದೇ ಇದು.

ಯಂತ್ರ ಮಾತಾಡಿದರೆ ಮಗು ಮಾತು ಕಲಿಯುವುದಿಲ್ಲ ಅನ್ನುವ ಭಯ ಪೋಷಕರ ಜೊತೆ ಕೆಲವು ಶಿಕ್ಷಕರಿಗೂ ಇದೆ. ಅಧ್ಯಯನಗಳು ಅದನ್ನು ಒಪ್ಪುವುದಿಲ್ಲ. ಎಷ್ಟೋ ಮಕ್ಕಳಲ್ಲಿ ಮಾತು ತುಸು ಹೆಚ್ಚಿದ್ದೇ ಕಂಡಿದೆ.

ಕಣ್ಣು ಕಾಣದ ಮಕ್ಕಳಿಗೆ ಬ್ರೈಲ್ ಕಲಿಸುವ ಟೀಚರ್‌ಗಳ ತಕರಾರು ಬೇರೆ: ಕಂಪ್ಯೂಟರ್ ಬಂದು ಬ್ರೈಲ್ ಹಿಂದೆ ಬೀಳುತ್ತದೆ ಅನ್ನುತ್ತಾರೆ. ಅದು ನನಗೆ ಸರಿ ಅನ್ನಿಸುತ್ತದೆ. ಕಂಪ್ಯೂಟರ್ ಪರದೆಯ ಬರಹವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಬರೀ ಕೇಳಿ ಕಲಿತ ಮಗು ‘ಕಷ್ಟ’ ಬರೆಯುವಾಗ ಶ ಹಾಕಬೇಕೋ ಷ ಹಾಕಬೇಕೋ ಎಂದು ತಡವರಿಸುತ್ತದೆ. ಕಂಪ್ಯೂಟರ್ ಬಂತೆಂದು ಬ್ರೈಲ್ ಪೀರಿಯಡ್ ಕಡಿತ ಮಾಡುವ ಶಾಲೆಗಳಿಗೆ ಈ ಮಾತು ಹೇಳಲೇಬೇಕು.