ರಿಕ್ರೂಟರ್ ಮತ್ತೆ ಫೋನ್ ಮಾಡಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಕೆಗೆ ಮೂವತ್ತೈದರ ಆಸುಪಾಸು. ಲೆಕ್ಕಪತ್ರ ವಿಭಾಗದಲ್ಲಿ ಹತ್ತು ವರ್ಷಕ್ಕೂ ಮಿಕ್ಕಿದ ಅನುಭವ. ಕಂಪನಿ ಆ ವಿಭಾಗವನ್ನೇ ಮುಚ್ಚಿದ್ದರಿಂದ ಕೆಲಸ ಹೋಗಿತ್ತು. ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಆದರೆ ಆಕೆಯ ಮಾತು ಮತ್ತೆ ಮತ್ತೆ ಹೋಗಿ ನಿಲ್ಲುತ್ತಿದ್ದದ್ದು ಕಂಪನಿಗಳಿಗೆ ಜನ ಹುಡುಕಿಕೊಡುವ ಒಬ್ಬ ರಿಕ್ರೂಟರ್ ಹತ್ತಿರ.

“ಮೊದಲ ಸಲ ಫೋನ್ ಮಾಡಿದಾಗ, ನಿಮ್ಮಂಥವರನ್ನೇ ಹುಡುಕ್ತಿದ್ವಿ ಮೇಡಂ ಅಂದ್ರು. ಎಷ್ಟು ಚೆನ್ನಾಗಿ ಮಾತಾಡಿದ್ರು ಅಂದ್ರೆ, ಕೆಲಸ ಸಿಕ್ಕೇಬಿಡ್ತು ಅಂದ್ಕೊಂಡೆ. ರೆಸ್ಯೂಮೆ ಕಳಿಸಿದೆ. ಆಮೇಲೆ ಒಂದು ಮಾತೂ ಇಲ್ಲ. ನನ್ನಲ್ಲೇ ಏನೋ ಕೊರತೆ ಕಂಡಿರಬೇಕು, ಅಲ್ವಾ?”

ಕೇಳಿದಾಗ ಫೋನ್ ತೆಗೆದು ಮೆಸೇಜುಗಳನ್ನು ತೋರಿಸಿದರು. “ಸರ್, ಏನಾದ್ರೂ ಅಪ್‌ಡೇಟ್ ಇದೆಯಾ?” ಮರುದಿನ, “ಸರ್, ನನ್ನಿಂದ ಏನಾದ್ರೂ ತಪ್ಪಾಯ್ತಾ?” ರಾತ್ರಿ ಹನ್ನೊಂದು ದಾಟಿದ ಮೇಲೆ ಇನ್ನೊಂದು: “ಯಾವ ಕೆಲಸ ಆದ್ರೂ ಪರವಾಗಿಲ್ಲ ಸರ್.”

ಕೊನೆಯದನ್ನು ಅವರಿಂದಲೇ ಜೋರಾಗಿ ಓದಿಸಿದೆ. “ಇದನ್ನು ಓದಿದವರು ನಿಮ್ಮನ್ನು ಯಾವ ಹುದ್ದೆಗೆ ಕಳಿಸಬೇಕು?” ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ. ಕಣ್ಣು ತುಂಬಿ ಬಂದಿತ್ತು.

ಕೆಲಸ ಕಳೆದುಕೊಂಡವರು ರಿಕ್ರೂಟರ್‌ನನ್ನು ತಮ್ಮ ಪರ ವಾದಿಸುವ ವಕೀಲ ಎಂದುಕೊಳ್ಳುವುದನ್ನು ಬಹಳ ಕಂಡಿದ್ದೇನೆ. ಆತನಿಗೆ ಹಣ ಕೊಡುವುದು ಕಂಪನಿ. ಸಾಮಾನ್ಯವಾಗಿ ಸೇರಿದವರ ಮೊದಲ ವರ್ಷದ ಸಂಬಳದ ಒಂದು ಪಾಲಿನಷ್ಟು ಹಣವನ್ನು ಕಂಪನಿ ಕನ್ಸಲ್ಟೆನ್ಸಿಗೆ, ಅಂದರೆ ರಿಕ್ರೂಟರ್ ಕೆಲಸ ಮಾಡುವ ಏಜೆನ್ಸಿಗೆ, ಶುಲ್ಕವಾಗಿ ಕೊಡುತ್ತದೆ, ಅದೂ ಅನೇಕ ಸಲ ಅಭ್ಯರ್ಥಿ ಸೇರಿದ ಮೇಲಷ್ಟೇ. ಸೇರಿದವರು ಕೆಲವೇ ತಿಂಗಳಲ್ಲಿ ಬಿಟ್ಟುಹೋದರೆ ಇನ್ನೊಬ್ಬರನ್ನು ಹುಡುಕಿಕೊಡಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು ಎಂಬ ಷರತ್ತೂ ಎಷ್ಟೋ ಕಡೆ ಇರುತ್ತದೆ. ಹಾಗಾಗಿ ಅವರು ಹುದ್ದೆಗೆ ಜನ ಹುಡುಕುತ್ತಾರೆ, ಜನರಿಗೆ ಹುದ್ದೆ ಹುಡುಕುವುದಿಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಇದು ಗೊತ್ತಿಲ್ಲದವರು ಅವರ ಮೌನವನ್ನು ತಮ್ಮ ಯೋಗ್ಯತೆಯ ತೀರ್ಪೆಂದು ಓದಿಕೊಂಡು ಒಳಗೊಳಗೇ ಕುಸಿಯುತ್ತಾರೆ. ಈ ನೋವು ನನಗೆ ಸಹಿಸಲಾಗದಂಥದ್ದು, ಏಕೆಂದರೆ ಇದು ತಪ್ಪು ಲೆಕ್ಕದಿಂದ ಹುಟ್ಟಿದ್ದು. ಹುದ್ದೆಗೆ ಬಜೆಟ್ ನಿಂತಿರಬಹುದು, ಒಳಗಿನವರನ್ನೇ ತೆಗೆದುಕೊಂಡಿರಬಹುದು, ಕಂಪನಿ ರಿಕ್ರೂಟರ್‌ಗೂ ಏನೂ ಹೇಳದೆ ಇರಬಹುದು.

ಇದನ್ನು ಕೇಳಿ ಆಕೆಗೆ ಹಗುರವಾಯಿತು, ಜತೆಗೆ ಸಿಟ್ಟೂ ಬಂತು. “ಹಾಗಾದ್ರೆ ಒಂದು ಮಾತು ಹೇಳಬಹುದಿತ್ತಲ್ಲ!” ಹೌದು, ಹೇಳಬೇಕಿತ್ತು. ತನ್ನ ಮೇಲೆ ತಾನೇ ತಿರುಗಿಸಿಕೊಂಡಿದ್ದ ಸಿಟ್ಟು ಹೊರಗೆ ಬಂದದ್ದು ನನಗೆ ಒಳ್ಳೆಯ ಲಕ್ಷಣವಾಗಿ ಕಂಡಿತು.

ಆ ದಿನವೇ ಕೂತು ಹೊಸ ಮೆಸೇಜ್ ಬರೆದೆವು:

“ನಮಸ್ಕಾರ. ನಾವು ಮಾತಾಡಿದ ಲೆಕ್ಕಪತ್ರ ಮೇಲ್ವಿಚಾರಕರ ಹುದ್ದೆಯಲ್ಲಿ ನನಗೆ ಈಗಲೂ ಆಸಕ್ತಿ ಇದೆ. ನನ್ನ ರೆಸ್ಯೂಮೆ ಕಂಪನಿಗೆ ಹೋಗಿದೆಯೇ? ಹೋಗಿದ್ದರೆ ಯಾವತ್ತು? ನಾನು ತಕ್ಷಣ ಸೇರಬಲ್ಲೆ. ಹುದ್ದೆ ಸದ್ಯಕ್ಕೆ ನಿಂತಿದ್ದರೆ ಅದನ್ನೂ ತಿಳಿಸಿ, ಬೇರೆ ಕಡೆ ಪ್ರಯತ್ನಿಸಲು ಅನುಕೂಲ.”

ಬೆಳಗಿನ ಹೊತ್ತು, ಕಚೇರಿ ಸಮಯದಲ್ಲಿ ಕಳಿಸಲು ಹೇಳಿದೆ. ಮಧ್ಯಾಹ್ನದೊಳಗೆ ಉತ್ತರ ಬಂತು: “ಹುದ್ದೆ ಹೋಲ್ಡ್‌ನಲ್ಲಿದೆ ಮೇಡಂ. ಬಜೆಟ್ ಅಪ್ರೂವಲ್ ಬಂದಿಲ್ಲ.” ಇಷ್ಟೇ ವಿಷಯ. ಇಷ್ಟಕ್ಕಾಗಿ ಆಕೆ ವಾರಗಟ್ಟಲೆ ನಿದ್ದೆಗೆಟ್ಟಿದ್ದರು.

ಮುಂದಿನ ಭೇಟಿಯಲ್ಲಿ ಇನ್ನೊಂದು ತೊಡಕು ಹೊರಬಂತು. ಆತಂಕದಲ್ಲಿ ಆಕೆ ಸಿಕ್ಕ ಸಿಕ್ಕ ಕನ್ಸಲ್ಟೆನ್ಸಿಗೆಲ್ಲ ರೆಸ್ಯೂಮೆ ಕೊಟ್ಟಿದ್ದರು. ಎರಡು ಕಡೆಯಿಂದ ಅದು ಒಂದೇ ಕಂಪನಿಗೆ ಹೋಗಿ, ಆ ಕಂಪನಿ ಇವರ ಹೆಸರನ್ನೇ ಕೈಬಿಟ್ಟಿತ್ತು. ಶುಲ್ಕ ಯಾರಿಗೆ ಸೇರಬೇಕೆಂಬ ಜಗಳ ಯಾವ ಎಚ್‌ಆರ್‌ಗೂ ಬೇಡ. ಎಷ್ಟೋ ಒಪ್ಪಂದಗಳಲ್ಲಿ ಮೊದಲು ಹೆಸರು ಕಳಿಸಿದವರಿಗೆ ಆರು ತಿಂಗಳೋ ವರ್ಷವೋ ಆ ಅಭ್ಯರ್ಥಿಯ ಶುಲ್ಕದ ಮೇಲೆ ಹಕ್ಕಿರುತ್ತದೆ. ಒಬ್ಬರಿಗಿಂತ ಹೆಚ್ಚು ರಿಕ್ರೂಟರ್‌ಗಳ ಜತೆ ಮಾತಾಡುವುದು ತಪ್ಪಲ್ಲ, ಅದು ಒಳ್ಳೆಯದೇ. ಆದರೆ “ನನ್ನನ್ನು ಕೇಳದೆ ಯಾವ ಕಂಪನಿಗೂ ರೆಸ್ಯೂಮೆ ಕಳಿಸಬೇಡಿ” ಎಂದು ಮೊದಲೇ ಮೇಲ್‌ನಲ್ಲಿ ಬರೆಯಬೇಕು. ಕಂಪನಿಯ ಹೆಸರು ಹೇಳದೆ ಒಪ್ಪಿಗೆ ಕೇಳಿದರೆ ಕೊಡಬಾರದು. ಒಂದು ಪುಸ್ತಕದಲ್ಲಿ ಕಂಪನಿ, ಹುದ್ದೆ, ಯಾರ ಮೂಲಕ, ಯಾವ ದಿನ ಎಂದು ಗುರುತು ಹಾಕಿಕೊಳ್ಳಲು ಹೇಳಿದೆ. ಲೆಕ್ಕ ಬರೆಯುವುದು ಅವರ ಕಸುಬು, ಸಂತೋಷದಿಂದಲೇ ಶುರುಮಾಡಿದರು.

ಒಂದು ಕನ್ಸಲ್ಟೆನ್ಸಿ ನೋಂದಣಿ ಹಣ ಕೇಳಿತ್ತು. ಅಲ್ಲಿಗೆ ಮಾತು ನಿಲ್ಲಿಸಿ ಎಂದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆ, ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ವಸೂಲಿ ಮಾಡಬಾರದೆಂಬುದನ್ನು ಸಾಮಾನ್ಯ ನಿಯಮವಾಗಿಸಿದೆ. ವಿನಾಯಿತಿಗಳಿವೆ, ಎಲ್ಲ ದೇಶಗಳೂ ಅದನ್ನು ಒಪ್ಪಿಲ್ಲ. ಆದರೂ ಕೆಲಸ ಕೊಡಿಸುವ ಮೊದಲೇ ಕೈಚಾಚುವವರನ್ನು ದೂರವಿಡಲು ಅಷ್ಟು ಸಾಕು.

ಸಂಬಳದ ಪ್ರಶ್ನೆಗೆ ಆಕೆ ಎರಡು ರೀತಿ ಹೆದರಿದ್ದರು: ಹೆಚ್ಚು ಕೇಳಿದರೆ ಬಿಟ್ಟುಬಿಡುತ್ತಾರೆ, ಕಡಿಮೆ ಹೇಳಿದರೆ ಅದಕ್ಕೇ ಕಟ್ಟಿಹಾಕುತ್ತಾರೆ. ಹಳೆಯ ಸಂಬಳವನ್ನು ಹಿಗ್ಗಿಸಿ ಹೇಳುವ ಯೋಚನೆಯೂ ಇತ್ತು. ಅದು ಬೇಡ. ಪೇಸ್ಲಿಪ್ ಕೇಳಿದ ದಿನ ಆಫರ್ ಜತೆಗೆ ಮರ್ಯಾದೆಯೂ ಹೋಗುತ್ತದೆ. “ಈ ಹುದ್ದೆಗೆ ಕಂಪನಿ ಇಟ್ಟಿರುವ ಮಿತಿ ಎಷ್ಟು?” ಎಂದು ಮೊದಲು ಕೇಳಿ, ತನ್ನ ನಿರೀಕ್ಷೆಯನ್ನು ಆಮೇಲೆ ಹೇಳುವುದನ್ನು ಇಲ್ಲೇ ಅಭ್ಯಾಸ ಮಾಡಿದೆವು. ಎಷ್ಟಕ್ಕಿಂತ ಕೆಳಗೆ ಒಪ್ಪುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ ಮೇಲೆ ಅವರ ದನಿಯ ನಡುಕ ಎಷ್ಟೋ ಕಡಿಮೆಯಾಯಿತು.

ಅದೇ ರಿಕ್ರೂಟರ್ ಕೆಲ ವಾರಗಳ ನಂತರ ಬೇರೊಂದು ಹುದ್ದೆ ಹಿಡಿದು ಫೋನ್ ಮಾಡಿದರು. ಈ ಸಲ ಆಕೆ ಹುದ್ದೆ ಯಾಕೆ ಖಾಲಿಯಾಯಿತು, ಎಷ್ಟು ದಿನದಿಂದ ಹುಡುಕುತ್ತಿದ್ದಾರೆ, ಈ ಹಿಂದೆ ಕಳಿಸಿದವರನ್ನು ಯಾವ ಕಾರಣಕ್ಕೆ ಬೇಡವೆಂದರು ಎಂದು ಕೇಳಿದರು. ಕೊನೆಯ ಪ್ರಶ್ನೆಗೆ ಸಿಕ್ಕ ಉತ್ತರವೇ ಇಂಟರ್‌ವ್ಯೂಗೆ ಏನು ಓದಿಕೊಂಡು ಹೋಗಬೇಕೆಂದು ತೋರಿಸಿಕೊಟ್ಟಿತು. ನೇರವಾಗಿ ಅರ್ಜಿ ಹಾಕಿದ ಇನ್ನೊಂದು ಕಡೆಯಿಂದಲೂ ಕರೆ ಬಂದಿದೆ. ಅದನ್ನು ಮುಚ್ಚಿಡದೆ ರಿಕ್ರೂಟರ್‌ಗೆ ಹೇಳಿ ಎಂದಿದ್ದೇನೆ. ಹೇಳಿದ್ದಾರೆ, ಅವರೂ ಇಂಟರ್‌ವ್ಯೂ ದಿನಾಂಕವನ್ನು ಮುಂಚೆಗೆ ತಂದುಕೊಟ್ಟಿದ್ದಾರೆ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಕೆಲಸ ಹೋದದ್ದರ ದುಃಖವನ್ನು ನಾವು ಈಗಷ್ಟೇ ಮಾತಾಡಲು ಶುರುಮಾಡಿದ್ದೇವೆ, ಭೇಟಿಗಳು ಮುಂದುವರಿದಿವೆ.